ನನ್ನ ಕೂದಲು ನಾನಲ್ಲ, ಆದರೂ ಅದನ್ನು ಮುಟ್ಟಬೇಡಿ

ಅಮೆರಿಕದ ಸೋಲ್ ಸಂಗೀತದಲ್ಲಿ ಸುಮಾರು ಹತ್ತು ವರ್ಷಗಳ ಅಂತರದಲ್ಲಿ ಬಂದ ಎರಡು ಹಾಡುಗಳಿವೆ. ಮೊದಲನೆಯದು ಇಂಡಿಯಾ ಆರೀ ತಮ್ಮ 2006ರ ಆಲ್ಬಮ್‌ನಲ್ಲಿ ಹಾಡಿದ ‘ಐ ಆಮ್ ನಾಟ್ ಮೈ ಹೇರ್’. ನನ್ನ ಕೂದಲು ನಾನಲ್ಲ ಎಂದು ಅದರ ಅರ್ಥ. ಎರಡನೆಯದು ಸೊಲಾಂಜ್ 2016ರಲ್ಲಿ ಹಾಡಿದ ‘ಡೋಂಟ್ ಟಚ್ ಮೈ ಹೇರ್’, ಅಂದರೆ ನನ್ನ ಕೂದಲನ್ನು ಮುಟ್ಟಬೇಡಿ. ಹಾಡಿದವರಿಬ್ಬರೂ ಕಪ್ಪು ಅಮೆರಿಕನ್ ಮಹಿಳೆಯರು, ಎರಡೂ ಹಾಡುಗಳನ್ನು ಆತ್ಮಸ್ವೀಕಾರದ ಹಾಡುಗಳೆಂದೇ ಕೇಳುಗರು ಎದೆಗೆ ಹಚ್ಚಿಕೊಂಡಿದ್ದಾರೆ. ಆದರೆ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಇವು ಪರಸ್ಪರ ಜಗಳಕ್ಕೆ ನಿಂತಂತೆ ಕಾಣುತ್ತವೆ. ಕೂದಲು ನಾನಲ್ಲ ಎನ್ನುವುದಾದರೆ ಅದನ್ನು ಯಾರೋ ಮುಟ್ಟಿದರೆ ನೋಯುವುದೇಕೆ? ಮುಟ್ಟಿದರೆ ನೋಯುವುದಾದರೆ ಅದು ನಾನಲ್ಲ ಎನ್ನುವುದು ಹೇಗೆ? ಈ ಸಿಕ್ಕನ್ನು ಬಿಡಿಸಬೇಕಾದರೆ ಹಾಡಿಗಿಂತ ಮೊದಲು ಕೂದಲಿನ ಬಳಿಗೆ ಹೋಗಬೇಕು.

ಕನ್ನಡದಲ್ಲಿ ನೇರವಲ್ಲದ ಕೂದಲಿಗೆಲ್ಲ ಗುಂಗುರು ಎಂಬ ಒಂದೇ ಮಾತು ಸಾಕಾಗುತ್ತದೆ, ಏಕೆಂದರೆ ನಮ್ಮಲ್ಲಿ ಬಹುಪಾಲು ಗುಂಗುರು ಎಂದರೆ ಅಲೆ, ಇಲ್ಲವೇ ದೊಡ್ಡ ಸುರುಳಿ. ಆಫ್ರಿಕಾ ಮೂಲದ ಬಹಳಷ್ಟು ಜನರ ಕೂದಲಿನ ಸುರುಳಿಯಾದರೋ ಬಾಲ್‌ಪೆನ್ನಿನ ಒಳಗಿರುವ ಸ್ಪ್ರಿಂಗಿನಷ್ಟು ಸಣ್ಣದು, ಎಷ್ಟೋ ಸಲ ಅದಕ್ಕಿಂತಲೂ ಸಣ್ಣದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಆಫ್ರಿಕಾದಿಂದ ಬಂದ ಪೂರ್ವಜರ ಕೂದಲನ್ನು ತಲೆಯಲ್ಲಿಟ್ಟುಕೊಂಡು ಕನ್ನಡ, ಕೊಂಕಣಿ ಮಾತಾಡುವ ಜನ ಅವರು. ಈ ಕೂದಲು ಹುಟ್ಟುವ ಬುಡದ ಗೂಡೇ ಬಾಗಿರುತ್ತದೆ, ಎಳೆಯನ್ನು ಅಡ್ಡ ಕೊಯ್ದರೆ ದುಂಡಗಿರದೆ ಚಪ್ಪಟೆಯಾಗಿರುತ್ತದೆ. ನೆತ್ತಿಯಲ್ಲಿ ಊರುವ ಎಣ್ಣೆಯಂಶ ನೇರ ಕೂದಲಿನಲ್ಲಿ ತಾನಾಗಿ ತುದಿಯವರೆಗೆ ಇಳಿದುಬರುತ್ತದೆ, ಆದರೆ ಸುರುಳಿಯ ಅಷ್ಟೂ ತಿರುವುಗಳನ್ನು ದಾಟಿ ಅದು ತುದಿ ಮುಟ್ಟುವುದಿಲ್ಲ. ಆದ್ದರಿಂದ ಈ ಕೂದಲು ಬೇಗ ಒಣಗುತ್ತದೆ, ಪ್ರತಿ ತಿರುವಿನಲ್ಲೂ ತುಂಡಾಗುವ ಅಪಾಯವಿರುತ್ತದೆ, ಒಣಗಿದಾಗ ಮುದುಡಿಕೊಂಡು ತನ್ನ ನಿಜವಾದ ಉದ್ದದ ಅರ್ಧವನ್ನೂ ತೋರಿಸುವುದಿಲ್ಲ. ಬೆಳೆಯುವುದೇ ಇಲ್ಲ ಎಂಬ ತಪ್ಪು ತಿಳಿವಳಿಕೆ ಹುಟ್ಟಿದ್ದು ಹೀಗೆ. ಅದು ಬೆಳೆಯುತ್ತದೆ, ಆದರೆ ಬೆಳೆದದ್ದು ಕಾಣುವುದಿಲ್ಲ.

ಇಂಥ ಕೂದಲನ್ನು ನೋಡಿಕೊಳ್ಳುವುದು ಅರ್ಧ ದಿನದ ಕೆಲಸ, ಆ ದಿನಕ್ಕೆ ಅವರಲ್ಲಿ ವಾಶ್ ಡೇ ಎಂಬ ಹೆಸರೇ ಇದೆ. ಮಗಳು ನೆಲದ ಮೇಲೆ ತಾಯಿಯ ಎರಡು ಮೊಣಕಾಲುಗಳ ನಡುವೆ ಕೂರುತ್ತಾಳೆ. ತಾಯಿ ಕೂದಲನ್ನು ನಾಲ್ಕೋ ಆರೋ ಪಾಲು ಮಾಡಿ, ಒಂದೊಂದನ್ನೂ ಒದ್ದೆ ಮಾಡಿ, ಎಣ್ಣೆಯೋ ಶಿಯಾ ಬೆಣ್ಣೆಯೋ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಬಿಡಿಸುತ್ತಾ ಬರುತ್ತಾಳೆ. ಬುಡದಿಂದ ಬಾಚಿದರೆ ಸಿಕ್ಕೆಲ್ಲ ಕೆಳಗೆ ಸೇರಿ ಗಂಟಾಗುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಜಮೈಕಾದ ಕಪ್ಪೆಣ್ಣೆ ಎಂದು ಹೆಚ್ಚು ಬೆಲೆಗೆ ಮಾರುವ ಶೀಸೆಯಲ್ಲಿರುವುದು ಬೀಜವನ್ನು ಹುರಿದು ತೆಗೆದ ಹರಳೆಣ್ಣೆಯೇ ಎಂದು ತಿಳಿದರೆ ನಮ್ಮ ಅಜ್ಜಿಯರು ನಕ್ಕಾರು. ಬಿಡಿಸಿದ ಮೇಲೆ ಹೆಣೆಯುವುದು: ನೆತ್ತಿಗೆ ಅಂಟಿಕೊಂಡು ಸಾಲುಸಾಲಾಗಿ ಸಾಗುವ ಕಾರ್ನ್‌ರೋ, ಎರಡೆಳೆಯ ಟ್ವಿಸ್ಟ್, ಮೂರೆಳೆಯ ಸಣ್ಣ ಜಡೆಗಳು. ಇವೆಲ್ಲ ಚೆಂದಕ್ಕಾಗಿ ಮಾತ್ರ ಇರುವುದಲ್ಲ. ತುದಿಗಳು ಬಟ್ಟೆಗೆ ಉಜ್ಜಿ ಮುರಿಯದಂತೆ, ತೇವ ಆರದಂತೆ ಕಾಪಾಡುವ ವಿಧಾನಗಳು. ಕಾಪಾಡುವ ಕೇಶವಿನ್ಯಾಸ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಅದು ಮುಂದೆ ಕಾನೂನಿನ ಪುಸ್ತಕದಲ್ಲಿ ಸಿಗುತ್ತದೆ.

ಈ ಸುರುಳಿಯನ್ನು ನೇರ ಮಾಡುವ ದಾರಿಗಳು ಎರಡು. ಕೂದಲು ಎಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಹಿಡಿದಿಡುವ ಬಂಧಗಳಲ್ಲಿ ಕೆಲವು ದುರ್ಬಲ, ಕೆಲವು ಗಟ್ಟಿ. ಕಬ್ಬಿಣದ ಬಾಚಣಿಗೆಯನ್ನು ಒಲೆಯ ಉರಿಯಲ್ಲಿ ಕಾಯಿಸಿ ಎಣ್ಣೆ ಸವರಿದ ಕೂದಲಲ್ಲಿ ಎಳೆದರೆ ದುರ್ಬಲವಾದ ಹೈಡ್ರೋಜನ್ ಬಂಧಗಳು ಬಿಟ್ಟುಕೊಂಡು ಕೂದಲು ನೇರವಾಗುತ್ತದೆ, ಆದರೆ ನೀರು ಸೋಕಿದ ಕೂಡಲೇ ಆ ಬಂಧಗಳು ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಮಳೆ, ಬೆವರು, ಈಜುಕೊಳ ಮೂರೂ ತಲೆಮಾರುಗಳ ಕಾಲ ಕಪ್ಪು ಹೆಣ್ಣುಮಕ್ಕಳ ಶತ್ರುಗಳಾಗಿದ್ದವು. ಕಿವಿಯ ಅಂಚಿಗೆ ಬಾಚಣಿಗೆ ತಗುಲಿ ಆದ ಸುಟ್ಟ ಗಾಯ ಎಷ್ಟು ಸಾಮಾನ್ಯವೆಂದರೆ ಅದಿಲ್ಲದ ಬಾಲ್ಯದ ನೆನಪೇ ಅಪರೂಪ. ಎರಡನೆಯ ದಾರಿ ರಿಲ್ಯಾಕ್ಸರ್ ಎಂಬ ರಾಸಾಯನಿಕ. ಅದರ ಹಳೆಯ ಬಗೆಯಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಸಾಬೂನು ಮಾಡುವವರು ಬಳಸುವ ಕಾಸ್ಟಿಕ್ ಸೋಡಾ. ಅದು ಗಟ್ಟಿಯಾದ ಗಂಧಕದ ಬಂಧಗಳನ್ನೇ ಮುರಿಯುವುದರಿಂದ ನೇರವಾದದ್ದು ಮತ್ತೆ ಸುರುಳಿಯಾಗುವುದಿಲ್ಲ, ಆದರೆ ಬುಡದಿಂದ ಹೊಸದಾಗಿ ಬರುವ ಕೂದಲು ಹುಟ್ಟಿದಂತೆಯೇ ಸುರುಳಿಯಾಗಿ ಬರುತ್ತದೆ. ಆದ್ದರಿಂದ ಆರೆಂಟು ವಾರಕ್ಕೊಮ್ಮೆ ಬುಡಕ್ಕೆ ಮತ್ತೆ ಮದ್ದು ಹಚ್ಚಬೇಕು, ನೆತ್ತಿ ಉರಿಯುವವರೆಗೂ ತಡೆದುಕೊಂಡು ಕೂರಬೇಕು. ನಿಲ್ಲಿಸಬೇಕೆಂದರೆ ಒಂದೋ ಹೊಸ ಕೂದಲು ಬೆಳೆಯುವ ತನಕ ತಿಂಗಳುಗಟ್ಟಲೆ ಕಾಯಬೇಕು, ಇಲ್ಲವೇ ನೇರವಾದ ಭಾಗವನ್ನೆಲ್ಲ ಒಂದೇ ದಿನ ಕತ್ತರಿಸಿಹಾಕಬೇಕು. ಈ ಎರಡನೆಯದಕ್ಕೆ ಬಿಗ್ ಚಾಪ್ ಎನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕೂದಲು ನೇರ ಮಾಡುವ ರಾಸಾಯನಿಕವನ್ನು ಎಂದೂ ಬಳಸದವರಿಗೆ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64 ಇದ್ದರೆ, ಪದೇ ಪದೇ ಬಳಸುವವರಿಗೆ ಅದು ಶೇ 4.05.

ಇಷ್ಟು ಕಷ್ಟಪಟ್ಟಾದರೂ ನೇರ ಮಾಡಿಕೊಂಡಿದ್ದೇಕೆ ಎಂಬುದಕ್ಕೆ ಉತ್ತರ ಸೌಂದರ್ಯಶಾಸ್ತ್ರಕ್ಕಿಂತ ಅಧಿಕಾರದ ಚರಿತ್ರೆಯಲ್ಲಿದೆ. 1786ರಲ್ಲಿ ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಸಿಯಾನಾದ ಗವರ್ನರ್ ಎಸ್ತೆಬಾನ್ ಮಿರೋ, ಕಪ್ಪು ಮೂಲದ ಸ್ವತಂತ್ರ ಮಹಿಳೆಯರು ಕೂದಲನ್ನು ಟಿಗ್ನನ್ ಎಂಬ ತಲೆವಸ್ತ್ರದಿಂದ ಮುಚ್ಚಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಅವರ ಅಲಂಕಾರ ಬಿಳಿಯ ಮಹಿಳೆಯರಿಗೆ ಸರಿಸಾಟಿಯಾಗಬಾರದೆಂಬುದು ಅದರ ಒಳಾರ್ಥವಾಗಿತ್ತು. ಆ ಹೆಂಗಸರು ಆಜ್ಞೆಯನ್ನು ಪಾಲಿಸಿದರು, ಆದರೆ ಬಣ್ಣಬಣ್ಣದ ಬಟ್ಟೆ ತಂದು, ಎತ್ತರಕ್ಕೆ ಸುತ್ತಿ, ಮುಚ್ಚಲೆಂದು ಹೇಳಿದ್ದನ್ನೇ ಮೆರೆಯುವ ಆಭರಣವನ್ನಾಗಿ ಮಾಡಿಕೊಂಡರು. ಗುಲಾಮಗಿರಿ ಮುಗಿದ ಮೇಲೂ ಒಳ್ಳೆಯ ಕೂದಲು ಎಂದರೆ ಬಿಳಿಯರ ಕೂದಲಿಗೆ ಹತ್ತಿರವಿರುವ ಕೂದಲು ಎಂಬ ಅಳತೆಗೋಲು ಉಳಿಯಿತು. ಕೆಲಸ ಸಿಗುವುದು, ಸಂಬಂಧ ಕುದುರುವುದು ಅದರ ಮೇಲೆ ನಿಂತಿತು. ಈ ಕೊರಗಿನ ಸುತ್ತಲೇ ಕಪ್ಪು ಮಹಿಳೆಯರ ದೊಡ್ಡ ಉದ್ಯಮವೂ ಬೆಳೆಯಿತೆಂಬುದನ್ನು ಮರೆಯುವಂತಿಲ್ಲ. ಲೂಸಿಯಾನಾದ ಹತ್ತಿಹೊಲದ ಕೂಲಿಗಳ ಮಗಳಾಗಿ 1867ರಲ್ಲಿ ಹುಟ್ಟಿದ ಮೇಡಂ ಸಿ. ಜೆ. ವಾಕರ್, ತನ್ನದೇ ಕೂದಲು ಉದುರತೊಡಗಿದ ಮೇಲೆ ನೆತ್ತಿಯ ಔಷಧ ಮಾರುತ್ತಾ ಸಿರಿವಂತೆಯಾದರು, ಸಾವಿರಾರು ಕಪ್ಪು ಹೆಂಗಸರಿಗೆ ಮಾರಾಟದ ಕೆಲಸ ಕೊಟ್ಟರು. ನೇರ ಕೂದಲಿನ ಒತ್ತಡವನ್ನು ಬರೀ ಗುಲಾಮಬುದ್ಧಿ ಎಂದು ಒಂದೇ ಮಾತಿನಲ್ಲಿ ಜರೆಯುವವರು ಈ ಭಾಗವನ್ನು ಓದದೆ ಬಿಟ್ಟವರು ಎಂದೇ ನನ್ನ ಅನಿಸಿಕೆ.

ಇನ್ನು ಸಂಗೀತ. 1950ರ ದಶಕದಲ್ಲಿ ಕಪ್ಪು ಜನರ ಚರ್ಚಿನ ಗಾಸ್ಪೆಲ್ ಹಾಡಿಕೆಯೂ ಕುಣಿತದ ಕೂಟಗಳ ರಿದಮ್ ಆಂಡ್ ಬ್ಲೂಸ್ ಸಂಗೀತವೂ ಬೆರೆತು ಹುಟ್ಟಿದ್ದು ಸೋಲ್. ಆ ಚರ್ಚುಗಳಲ್ಲಿ ಟೆಸ್ಟಿಮನಿ ಎಂಬ ಪದ್ಧತಿಯಿದೆ: ಸಭೆಯಲ್ಲಿ ಒಬ್ಬಳು ಎದ್ದು ನಿಂತು ತಾನು ಪಟ್ಟ ಪಾಡನ್ನೂ ಅದರಿಂದ ಪಾರಾಗಿ ಬಂದ ಬಗೆಯನ್ನೂ ತನ್ನ ಮಾತಿನಲ್ಲೇ ಹೇಳುತ್ತಾಳೆ, ಕುಳಿತವರು ನಡುನಡುವೆ ಹೌದು ಹೌದೆಂದು ದನಿಗೂಡಿಸುತ್ತಾರೆ. ಸೋಲ್ ಹಾಡುಗಳಲ್ಲಿ ಬರುವ ‘ನಾನು’ ಈ ಎದ್ದು ನಿಂತವಳ ‘ನಾನು’. ಅದು ಒಬ್ಬಳ ಸಂಗತಿ ನಿಜ, ಆದರೆ ಸಭೆ ದನಿಗೂಡಿಸದೆ ಅದು ಪೂರ್ತಿಯಾಗುವುದಿಲ್ಲ. ಇಂಡಿಯಾ ಆರೀಯ 2006ರ ಆಲ್ಬಮ್‌ನ ಹೆಸರೇ ‘ಟೆಸ್ಟಿಮನಿ’ ಎಂದಿರುವುದು ಆಕಸ್ಮಿಕವಿರಲಾರದು.

ಕೂದಲು ಈ ಸಂಗೀತದೊಳಕ್ಕೆ ನೇರವಾಗಿ ಬಂದದ್ದನ್ನು ನೋಡಬೇಕಾದರೆ ನೀನಾ ಸಿಮೋನ್ 1966ರಲ್ಲಿ ಹೊರತಂದ ‘ಫೋರ್ ವಿಮೆನ್’ ಹಾಡನ್ನು ಕೇಳಬೇಕು. ನಾಲ್ವರು ಕಪ್ಪು ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ. ಮೊದಲು ಚರ್ಮದ ಬಣ್ಣ, ಮೊದಲ ಮೂವರಿಗೆ ಅದಾದ ಮೇಲೆ ಕೂದಲು; ಹೆಸರು ಬರುವುದು ಕಟ್ಟಕಡೆಗೆ. ಲೋಕ ಅವರನ್ನು ಯಾವ ಕ್ರಮದಲ್ಲಿ ನೋಡುತ್ತದೋ ಅದೇ ಕ್ರಮದಲ್ಲಿ ಅವರೂ ತಮ್ಮನ್ನು ಹೇಳಿಕೊಳ್ಳಬೇಕಾಗಿದೆ. ಇದು ಕಪ್ಪು ಮಹಿಳೆಯರಿಗೆ ಅವಮಾನವೆಂದು ತಿಳಿದು ಕೆಲವು ರೇಡಿಯೊ ಕೇಂದ್ರಗಳು ಹಾಡನ್ನು ನಿಷೇಧಿಸಿದವು. ನನ್ನ ಮಟ್ಟಿಗೆ ಆ ಹಾಡಿನ ತಿವಿತವಿರುವುದೇ ಹೆಸರನ್ನು ಕಾಯಿಸುವುದರಲ್ಲಿ; ಚರ್ಮ, ಕೂದಲು, ಬೆನ್ನು ಎಂದು ಪಟ್ಟಿ ಬೆಳೆದಂತೆಲ್ಲ ಮನುಷ್ಯಳು ಎಲ್ಲಿ ಎಂದು ಕೇಳುಗನೇ ಹುಡುಕತೊಡಗುತ್ತಾನೆ.

ಅದೇ ಹೊತ್ತಿಗೆ ಕಪ್ಪೇ ಚೆಲುವು ಎಂಬ ಘೋಷಣೆಯೊಂದಿಗೆ ಆಫ್ರೊ ಬಂತು, ಅಂದರೆ ಕೂದಲನ್ನು ನೇರ ಮಾಡದೆ ತಲೆಯ ಸುತ್ತ ಮೋಡದಂತೆ ಬಿಡುವುದು. 1970ರಲ್ಲಿ ಹೋರಾಟಗಾರ್ತಿ ಏಂಜೆಲಾ ಡೇವಿಸ್ ಬಂಧನವಾದಾಗ ಸೋಲ್ ಗಾಯಕಿ ಅರೆಥಾ ಫ್ರಾಂಕ್ಲಿನ್ ಜಾಮೀನಿಗೆ 2,50,000 ಡಾಲರ್ ಬೇಕಾದರೂ ಕೊಡುವೆನೆಂದು ಮುಂದೆ ಬಂದರು. ಪೊಲೀಸರು ಹುಡುಕುತ್ತಿದ್ದಾಗ ಅಂಟಿಸಿದ ಭಿತ್ತಿಪತ್ರದಲ್ಲಿದ್ದ ಡೇವಿಸರ ಆಫ್ರೊ ಲೋಕಪ್ರಸಿದ್ಧವಾಯಿತು, ಅಂಥದೇ ಕೂದಲಿನ ಎಷ್ಟೋ ಹೆಂಗಸರನ್ನು ಪೊಲೀಸರು ಬೀದಿಯಲ್ಲಿ ತಡೆದು ನಿಲ್ಲಿಸಿದರು. ಕಾಲು ಶತಮಾನದ ನಂತರ, 1994ರ ಒಂದು ಪ್ರಬಂಧದಲ್ಲಿ, ಜನ ತನ್ನನ್ನು ಒಂದು ಕೇಶವಿನ್ಯಾಸವಾಗಿ ನೆನಪಿಟ್ಟುಕೊಂಡಿರುವುದನ್ನು ಕಂಡು ಡೇವಿಸ್ ಖಿನ್ನರಾಗಿ ಬರೆದರು: ಬಿಡುಗಡೆಯ ರಾಜಕಾರಣ ಹೋಗಿ ಫ್ಯಾಷನ್ ಮಾತ್ರ ಉಳಿಯಿತು ಎಂಬುದು ಅವರ ಅಳಲು. ಕೂದಲನ್ನು ನೇರ ಮಾಡದಿರುವುದು ಬಿಡುಗಡೆ ಎಂದುಕೊಂಡವರಿಗೂ ಕೂದಲೇ ಬಂಧನವಾಗಬಲ್ಲದು ಎಂಬುದರ ಮೊದಲ ಸೂಚನೆ ಇದು.

ಎಂಬತ್ತರ ದಶಕದಲ್ಲಿ ರಿಲ್ಯಾಕ್ಸರ್ ಮತ್ತೆ ಮೇಲುಗೈ ಪಡೆಯಿತು, ಟಿವಿಯಲ್ಲಿ ಮ್ಯೂಸಿಕ್ ವಿಡಿಯೊಗಳ ಕಾಲ ಬಂದು ಗಾಯಕಿಗೆ ಕಂಠಕ್ಕಿಂತ ಮೊದಲು ಮೈಮಾಟವಿರಬೇಕಾಯಿತು. ಇದರ ನಡುವೆ 1997ರ ಫೆಬ್ರುವರಿಯಲ್ಲಿ ಎರಿಕಾ ಬಾಡು ‘ಬಾಡುಯಿಸಂ’ ಎಂಬ ಆಲ್ಬಮ್‌ನೊಂದಿಗೆ ತಲೆಯ ಮೇಲೆ ಗೋಪುರದಂತೆ ಬಟ್ಟೆ ಸುತ್ತಿಕೊಂಡು ಬಂದರು. ಟಿಗ್ನನ್ ಕತೆ ಗೊತ್ತಿದ್ದವರಿಗೆ ಆ ಬಟ್ಟೆಯ ಮಾತು ತಿಳಿಯದೆ ಹೋಗಲಿಲ್ಲ. 1998ರಲ್ಲಿ ಜಟೆಗಟ್ಟಿದ ಕೂದಲಿನ ಲಾರಿನ್ ಹಿಲ್ ಬಂದರು, ಮರುವರ್ಷ ಒಂದೇ ರಾತ್ರಿ ಐದು ಗ್ರ್ಯಾಮಿ ಪ್ರಶಸ್ತಿ ಎತ್ತಿಕೊಂಡರು. 2000ದಲ್ಲಿ ಜಿಲ್ ಸ್ಕಾಟ್, 2001ರಲ್ಲಿ ಗಿಟಾರು ಹಿಡಿದ ಇಂಡಿಯಾ ಆರೀ. ನಿಯೊ ಸೋಲ್ ಎಂದು ಹೆಸರಾದದ್ದು ಈ ಬೆಳೆಯೇ. ಆರೀಯ ಮೊದಲ ಹಾಡಿನಲ್ಲೇ ತಾನು ವಿಡಿಯೊಗಳಲ್ಲಿ ಕಾಣುವ ಹುಡುಗಿಯಲ್ಲ ಎಂಬ ಮಾತಿತ್ತು. 2002ರ ಗ್ರ್ಯಾಮಿಗೆ ಅವರಿಗೆ ಏಳು ನಾಮನಿರ್ದೇಶನಗಳು ಬಂದು ಒಂದೂ ದಕ್ಕಲಿಲ್ಲ, ಮರುವರ್ಷ ಎರಡು ದಕ್ಕಿದವು. ಇವರಿಗೆಲ್ಲ ಕೂದಲು ಮಾತಾಡದೆ ಹೇಳುವ ಘೋಷಣೆಯಾಗಿತ್ತು, ಉದ್ದ ಜಟೆ ಎಂದರೆ ನಿಷ್ಠೆಯುಳ್ಳ ಕಲಾವಿದೆ ಎಂಬ ನಂಬಿಕೆ ಕೇಳುಗರಲ್ಲೂ ಬೇರೂರಿತ್ತು.

ಆಗ ಆರೀ ತಮ್ಮ ಜಟೆಯನ್ನು ಕತ್ತರಿಸಿಬಿಟ್ಟರು. ‘ಐ ಆಮ್ ನಾಟ್ ಮೈ ಹೇರ್’ ಹಾಡು ಶುರುವಾಗುವುದು ಲೆಕ್ಕಪತ್ರದಂತೆ: ಚಿಕ್ಕವಳಿದ್ದಾಗ ಕಾಯಿಸಿದ ಬಾಚಣಿಗೆ, ಆಮೇಲೆ ರಾಸಾಯನಿಕ ಸುರುಳಿ, ಹದಿಹರೆಯಕ್ಕೆ ರಿಲ್ಯಾಕ್ಸರ್, ಅದರಿಂದ ಕೂದಲೆಲ್ಲ ಮುರಿದುಬಿದ್ದದ್ದು, ಹದಿನೆಂಟರಲ್ಲಿ ಸಹಜ ಕೂದಲಿಗೆ ಮರಳಿದ್ದು. ಪ್ರತಿ ವಯಸ್ಸಿಗೂ ಒಂದು ತಲೆ. ಹಾಡಿನ ಕೊನೆಯ ಭಾಗದಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆಯಿಂದ ಕೂದಲು ಕಳೆದುಕೊಂಡ ಹೆಂಗಸೊಬ್ಬಳು ಬರುತ್ತಾಳೆ, ಅಲ್ಲಿಗೆ ಹಾಡಿನ ತೂಕವೇ ಬದಲಾಗುತ್ತದೆ. ಇಷ್ಟು ತಲೆಗಳನ್ನು ಹೊತ್ತು ಬಂದವಳು ಒಬ್ಬಳೇ ಆಗಿದ್ದರೆ, ಆ ಒಬ್ಬಳು ಕೂದಲಿನಲ್ಲಿಲ್ಲ ಎಂಬುದು ವಾದ. ಇದು ನೇರ ಕೂದಲಿನ ಅಳತೆಗೋಲಿಗೆ ಎಷ್ಟು ಉತ್ತರವೋ, ಸಹಜ ಕೂದಲಿನವಳೇ ನಿಜವಾದ ಕಪ್ಪು ಹೆಣ್ಣು ಎನ್ನುವ ಹೊಸ ಅಳತೆಗೋಲಿಗೂ ಅಷ್ಟೇ ಉತ್ತರ.

ಆ ಹೊಸ ಅಳತೆಗೋಲು ಕಲ್ಪನೆಯ ಮಾತಲ್ಲ. ಸಹಜ ಕೂದಲಿನ ಚಳವಳಿ ಹಬ್ಬಿದಂತೆ ಸುರುಳಿಗಳನ್ನು 1ರಿಂದ 4ರವರೆಗೆ ಅಂಕೆ, ಅದರೊಳಗೆ ಎ, ಬಿ, ಸಿ ಎಂದು ಅಕ್ಷರ ಕೊಟ್ಟು ವಿಂಗಡಿಸುವ ರೂಢಿ ಬಂತು. ಜಾಹೀರಾತುಗಳಲ್ಲಿ ಸಡಿಲ ಸುರುಳಿಯ 3ಸಿ ಹೆಚ್ಚಾಗಿ ಕಂಡು, ಅತಿ ಬಿಗಿಯಾದ 4ಸಿ ಕೂದಲಿನವರು ಅಲ್ಲಿಯೂ ಹಿಂದಿನ ಸಾಲಿಗೆ ಸರಿದರು. ಇನ್ನು ಬೇರೆಯವರ ಕೂದಲನ್ನು ಜೋಡಿಸಿ ಹೊಲಿಸಿಕೊಳ್ಳುವ ವೀವ್ ತೊಟ್ಟವರನ್ನಂತೂ ಚಳವಳಿಯ ಕೆಲವರು ದ್ರೋಹಿಗಳಂತೆ ಕಂಡರು. ವೀವಿಗೆ ಬರುವ ಕೂದಲಿನಲ್ಲಿ ದೊಡ್ಡ ಪಾಲು ಭಾರತದ್ದು: ತಿರುಮಲದಲ್ಲಿ ನಮ್ಮವರು ಕೊಟ್ಟ ಮುಡಿ ಹರಾಜಾಗಿ ಹೊರದೇಶಕ್ಕೆ ಹೋಗುತ್ತದೆ, ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಪಾತ್ರೆ, ಪಿನ್ನಿಗೆ ಬದಲಾಗಿ ಕೊಂಡು ಊರೂರು ತಿರುಗುವವರು ಕಟ್ಟಿದ ಗಂಟುಗಳು ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಬಂದು, ಅಲ್ಲಿ ಹೆಣ್ಣಾಳುಗಳ ಕೈಯಲ್ಲಿ ಎಳೆಎಳೆಯಾಗಿ ಬಿಡಿಸಿಕೊಂಡು, ಉದ್ದಕ್ಕೆ ತಕ್ಕಂತೆ ಕಟ್ಟುಗಳಾಗಿ ಮುಂದೆ ಸಾಗುತ್ತವೆ. ವೀವ್ ತೊಟ್ಟವಳು ನನ್ನ ಕೂದಲು ನಾನಲ್ಲ ಎಂದರೆ ಅದು ಅಕ್ಷರಶಃ ಸತ್ಯ, ಆ ಕೂದಲಿನ ಒಡತಿ ರಾಯಚೂರಿನಲ್ಲೋ ಗದಗಿನಲ್ಲೋ ಇನ್ನೊಂದು ಜಡೆ ಬೆಳೆಸುತ್ತಿರಬಹುದು. ಆರೀಯ ಹಾಡು ಅಂಥವಳನ್ನೂ ಹೊರಗೆ ನಿಲ್ಲಿಸುವುದಿಲ್ಲ.

ಆದರೆ ಹಾಡಿಗೆ ಒಂದು ಮಿತಿಯಿದೆ, ಅದನ್ನು ಮರೆಮಾಚಬೇಕಿಲ್ಲ. ನನ್ನ ಕೂದಲು ನಾನಲ್ಲ ಎಂದು ಹೇಳಿ ನಾನು ಹಗುರಾಗಬಹುದು, ಎದುರಿಗಿರುವವನು ಹಾಗೆ ತಿಳಿಯಬೇಕಲ್ಲ. ಸೊಲಾಂಜ್ ಹಾಡುವುದು ಈ ಎದುರಿಗಿರುವವನಿಗೆ. ಅಪರಿಚಿತರು ಕುತೂಹಲಕ್ಕೆಂದು ಕೈ ಚಾಚಿ ತಲೆ ಮುಟ್ಟುವುದು ಕಪ್ಪು ಮಹಿಳೆಯರು ಮತ್ತೆ ಮತ್ತೆ ಹೇಳಿಕೊಳ್ಳುವ ಅನುಭವ. ಮುಟ್ಟುವವನ ಪಾಲಿಗೆ ಅದು ಮೆಚ್ಚುಗೆ, ಮುಟ್ಟಿಸಿಕೊಂಡವಳ ಪಾಲಿಗೆ ತಾನು ಪ್ರದರ್ಶನದ ವಸ್ತುವಾದ ಗಳಿಗೆ. 2009ರಲ್ಲಿ ತಾವೇ ಬಿಗ್ ಚಾಪ್ ಮಾಡಿಸಿಕೊಂಡಿದ್ದ ಸೊಲಾಂಜ್ ಈ ಹಾಡಿನಲ್ಲಿ ಕೂದಲನ್ನು ತನ್ನ ಭಾವನೆ, ತನ್ನ ಆತ್ಮ, ತನ್ನ ಕಿರೀಟಗಳ ಸಾಲಿಗೆ ಸೇರಿಸುತ್ತಾರೆ, ಅದೂ ಕೂಗದೆ, ಪಿಸುದನಿಗೆ ಹತ್ತಿರವಾದ ದನಿಯಲ್ಲಿ. ಆ ಆಲ್ಬಮ್ ‘ಎ ಸೀಟ್ ಅಟ್ ದ ಟೇಬಲ್’. ಅದರ ಹೊದಿಕೆಯ ಚಿತ್ರವನ್ನು ಗಮನಿಸಿ ನೋಡಬೇಕು. ಗಾಯಕಿ ನೇರವಾಗಿ ನಮ್ಮನ್ನೇ ನೋಡುತ್ತಿದ್ದಾರೆ, ಆದರೆ ಕೂದಲು ಸಿದ್ಧವಾಗಿಲ್ಲ: ಅಲೆ ಮೂಡಲೆಂದು ಸಿಕ್ಕಿಸಿದ ಕ್ಲಿಪ್ಪುಗಳು ಇನ್ನೂ ತಲೆಯಲ್ಲೇ ಇವೆ. ಮನೆಯೊಳಗೆ ಅರ್ಧಕ್ಕೆ ನಿಂತ ಕೆಲಸವನ್ನು ಹಾಗೆಯೇ ಹೊರಬಾಗಿಲಿಗೆ ತಂದು ತೋರಿಸಿದಂತಿದೆ. ಸಿದ್ಧವಾದ ಮೇಲೆಯೇ ಎದುರಿಗೆ ಬರಬೇಕೆಂಬ ಕಟ್ಟಳೆಯನ್ನು ಆ ಕ್ಲಿಪ್ಪುಗಳು ಒಪ್ಪುವುದಿಲ್ಲ.

ಈಗ ಆರಂಭದ ಸಿಕ್ಕಿಗೆ ಮರಳಬಹುದು. ಅದನ್ನು ಬಿಡಿಸುವ ತುದಿ ನನಗೆ ಸಿಕ್ಕಿದ್ದು ಸಂಗೀತದಲ್ಲಲ್ಲ, ನ್ಯಾಯಾಲಯದ ತೀರ್ಪುಗಳಲ್ಲಿ. 1981ರಲ್ಲಿ ವಿಮಾನ ಸಂಸ್ಥೆಯೊಂದರ ಉದ್ಯೋಗಿ ತನ್ನ ಕಾರ್ನ್‌ರೋ ಜಡೆಯನ್ನು ನಿಷೇಧಿಸಿದ್ದು ವರ್ಣಭೇದ ಎಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಹೋದಾಗ, ಹುಟ್ಟಿನಿಂದ ಬಂದ ಆಫ್ರೊ ಬೇರೆ, ಕೈಯಿಂದ ಹೆಣೆದ ಜಡೆ ಬೇರೆ, ಹೆಣೆದದ್ದನ್ನು ಬಿಚ್ಚಬಹುದಾದ್ದರಿಂದ ಅದು ಜನಾಂಗದ ಲಕ್ಷಣವಲ್ಲ ಎಂಬ ತರ್ಕದ ಮೇಲೆ ಅವಳ ದೂರು ಬಿದ್ದುಹೋಯಿತು. 2016ರಲ್ಲಿ, ಸೊಲಾಂಜ್ ಹಾಡು ಬಂದ ಅದೇ ಸೆಪ್ಟೆಂಬರಿನಲ್ಲಿ, ಅಲಬಾಮಾದ ಮೊಬೀಲ್ ನಗರದ ಇನ್ನೊಬ್ಬ ಮಹಿಳೆಯ ಪ್ರಕರಣದಲ್ಲೂ ಮೇಲ್ಮನವಿ ನ್ಯಾಯಾಲಯ ಇದೇ ದಾರಿ ಹಿಡಿಯಿತು: ಜಟೆ ಬಿಟ್ಟವಳು ಅದನ್ನು ತೆಗೆಸಬಹುದು, ಆದ್ದರಿಂದ ಜಟೆಯ ಕಾರಣಕ್ಕೆ ಕೊಟ್ಟ ಕೆಲಸವನ್ನು ಹಿಂತೆಗೆದುಕೊಂಡರೆ ಅದು ಭೇದಭಾವವಲ್ಲ. ಎರಡೂ ಕಡೆ ನ್ಯಾಯಪೀಠ ಹೇಳಿದ್ದು ಒಂದೇ ಮಾತು: ನಿನ್ನ ಕೂದಲು ನೀನಲ್ಲ.

ಆರೀಯ ಹಾಡಿನ ಅದೇ ವಾಕ್ಯ, ‘ನಾನು’ ಎಂಬಲ್ಲಿ ‘ನೀನು’ ಬಂದಿತು, ಅಷ್ಟೇ. ಅವಳು ಹೇಳಿದಾಗ ಅದು ಬಿಡುಗಡೆ, ಕೆಲಸ ಕೊಡುವವನ ಪರವಾಗಿ ಇನ್ನೊಬ್ಬರು ಹೇಳಿದಾಗ ಅಪ್ಪಣೆ. ಕೂದಲು ನಾನು ಹೌದೋ ಅಲ್ಲವೋ ಎಂಬ ಪ್ರಶ್ನೆಗಿಂತ ಅದನ್ನು ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆ ಹಿರಿದು, ಎರಡೂ ಹಾಡುಗಳು ಆ ಹಕ್ಕನ್ನೇ ಕೇಳುತ್ತಿವೆ. ಒಬ್ಬಳು ಅದನ್ನು ಬಳಸಿ ಕೂದಲಿನಿಂದ ದೂರ ಸರಿದಳು, ಇನ್ನೊಬ್ಬಳು ಕೂದಲನ್ನು ಹತ್ತಿರಕ್ಕೆ ಎಳೆದುಕೊಂಡಳು.

2019ರ ಜುಲೈ 3ರಂದು ಕ್ಯಾಲಿಫೋರ್ನಿಯಾ ರಾಜ್ಯ ಕ್ರೌನ್ ಆ್ಯಕ್ಟ್ ಎಂಬ ಶಾಸನಕ್ಕೆ ಸಹಿ ಹಾಕಿ ಈ ತರ್ಕವನ್ನು ಮುರಿಯಿತು. ಜನಾಂಗ ಎಂಬ ಪದದ ವ್ಯಾಖ್ಯೆಯೊಳಗೆ ಕೂದಲಿನ ಸಹಜ ಸ್ವರೂಪವನ್ನೂ ಕಾಪಾಡುವ ಕೇಶವಿನ್ಯಾಸಗಳನ್ನೂ ಸೇರಿಸಿ, ಜಡೆ, ಜಟೆ, ಟ್ವಿಸ್ಟ್ ಎಂದು ಹೆಸರು ಹೆಸರಾಗಿ ಅದು ಬರೆಯಿತು. ವಾಶ್ ಡೇ ದಿನ ತಾಯಂದಿರು ಮೊಣಕಾಲಿನ ನಡುವೆ ಹೆಣೆದದ್ದೆಲ್ಲ ಹೀಗೆ ಕಾನೂನಿನ ಭಾಷೆಗೆ ಬಂತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ಹಾದಿ ಹಿಡಿದವು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರ ಮಾರ್ಚಿನಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಗಿ ಸೆನೆಟ್‌ನಲ್ಲಿ ನಿಂತುಹೋಯಿತು. ಆದ್ದರಿಂದ ಒಂದು ರಾಜ್ಯದಲ್ಲಿ ಕಾನೂನಿನ ರಕ್ಷಣೆಯಿರುವ ಜಡೆಯನ್ನು ತಲೆಯಲ್ಲಿಟ್ಟುಕೊಂಡು ಹೊಸ ಕೆಲಸದ ಸಂದರ್ಶನಕ್ಕೆ ಬೇರೆ ರಾಜ್ಯಕ್ಕೆ ಹೊರಟವಳು, ಹಿಂದಿನ ರಾತ್ರಿ ಕನ್ನಡಿಯ ಮುಂದೆ ಕುಳಿತು ಬಿಚ್ಚುವುದೋ ಬೇಡವೋ ಎಂದು ಈಗಲೂ ಲೆಕ್ಕ ಹಾಕಬೇಕಾಗುತ್ತದೆ.